ದೋಣಿಯ ಅಡಿಯ ಕರು

ಕೊಲ್ಲಿಯ ನಡುವೆ ಎರಡು ಮೂಗಿನ ಹೊಳ್ಳೆಗಳು ಮೇಲೆದ್ದು, ಉಸಿರು ಬಿಟ್ಟು, ಮುಚ್ಚಿಕೊಂಡು ಮುಳುಗುತ್ತಿದ್ದವು. ಸ್ವಲ್ಪ ಹೊತ್ತಿಗೆ ಇನ್ನೊಂದು ಕಡೆ ಏಳುತ್ತಿದ್ದವು. ಆ ಬೆಳಿಗ್ಗೆ ನಾನು ಕೂತಲ್ಲಿ ಕೂರಲಾರದೆ ಅದನ್ನೇ ನೋಡುತ್ತಿದ್ದೆ. ಒಲೆಯ ಮೇಲೆ ಗಂಜಿ ಉಕ್ಕಿದ್ದೂ ತಿಳಿಯಲಿಲ್ಲ.

ಆ ಊರಿಗೆ ಸೊಸೆಯಾಗಿ ಬಂದು ನನಗಿನ್ನೂ ವರ್ಷ ತುಂಬಿರಲಿಲ್ಲ. ತವರು ದನಕರುಗಳ ಮನೆ, ಕಡಲೆಂದರೆ ದಿಗಿಲು. ಹಿಂದಿನ ದಿನ ಮಾವ ಬೋಬಣ್ಣನವರ ಬಲೆಗೆ, ಉಸಿರಿಗೆ ಮೇಲೆದ್ದು ಕರುವಿಗೆ ಹಾಲೂಡುವ ಕಡಲ ಹಸುವಿನ ಕರುವೊಂದು ಬಿದ್ದಿತ್ತು. ಅದನ್ನು ಮಾರುವುದು, ತಿನ್ನುವುದು ಆ ಊರಿನಲ್ಲಿ ಆಗದ ಮಾತು. ಅದು ಕಡಲಮ್ಮನ ಸ್ವತ್ತು. ಆಮೆ ಸಿಕ್ಕಾಗ ಮಾಡುವಂತೆಯೇ ಹಣೆಗೆ ಅರಿಶಿನ ಹಚ್ಚಿ, ಬಂಡೆಗಳಾಚೆಯ ಆಳಕ್ಕೆ ಒಯ್ದು ಬಿಟ್ಟುಬರಬೇಕು. ಮಾವ ಭಕ್ತಿಯಿಂದ ಬಿಟ್ಟುಬಂದರು. ದಡದಲ್ಲಿ ಇಳಿದು ನೋಡಿದರೆ ಕರು ದೋಣಿಯ ಅಡಿಗೆ ಅಂಟಿಕೊಂಡು ಅವರ ಹಿಂದೆಯೇ ಬಂದಿತ್ತು!

ಬೆಳಿಗ್ಗೆ ಮತ್ತೆ ಒಯ್ದರು. ಮತ್ತೆ ಬಂತು. ಈ ಸಲ ಅದರ ಈಜು ಸೋತಿತ್ತು. "ಕಡಲಮ್ಮ ಬೇಡ ಅಂದಳಾ ಹೇಗೆ?" ಎಂದು ಯಾರೋ ಗೊಣಗಿದರು. ಮಾವನ ಮುಖ ಸಣ್ಣದಾಯಿತು.

"ಇನ್ನೂ ದೂರ ಹೋಗುವ. ಹುಟ್ಟು ಹಾಕಿ," ಎಂದರು ಅವರು ಜೊತೆಗಾರರಿಗೆ.

ನನಗೆ ತಡೆಯಲಾಗಲಿಲ್ಲ. ಸೀರೆ ಒದ್ದೆಯಾಗುವುದನ್ನೂ ಲೆಕ್ಕಿಸದೆ ನೀರಿಗಿಳಿದು ದೋಣಿಯ ಅಂಚು ಹಿಡಿದೆ. ಹೊರಟ ದೋಣಿಯನ್ನು ಹೆಂಗಸು ಮುಟ್ಟುವಂತಿರಲಿಲ್ಲ.

"ಕೈ ತೆಗಿ! ನಮ್ಮ ಮರ್ಯಾದೆ ತೆಗೀತೀಯಲ್ಲ!" ಎಂದು ಹಿಂದಿನಿಂದ ಅತ್ತೆ ಕಿರುಚಿದರು. ನಾನು ಬಿಡದಿದ್ದಾಗ ಸಿಟ್ಟಿನಿಂದ ಮನೆಗೆ ನಡೆದುಬಿಟ್ಟರು.

"ಮಾವ, ಅದರ ತಾಯಿ ಇಲ್ಲೇ ಉಂಟು. ಬೆಳಗಿಂದ ಹುಡುಕ್ತಾ ಉಂಟು," ಎಂದೆ. "ಅವು ಮೇಯುವ ಹುಲ್ಲೂ ಈ ಕೊಲ್ಲಿಯಲ್ಲೇ ಇರುದು. ಅಷ್ಟು ಆಳಕ್ಕೆ ಬಿಸಿಲೇ ಇಳಿಯುದಿಲ್ಲ. ಅಲ್ಲಿ ಇದು ಎಂತ ತಿನ್ನುದು?"

ನಾನು ಕೈ ತೋರಿದ ಕಡೆ ಹೊಳ್ಳೆಗಳೆರಡು ಎದ್ದು ಮುಳುಗಿದವು. ಮಾವ ದೋಣಿಯಂಚಿಗೆ ಬಾಗಿ ಅತ್ತ ನೋಡಿದರು.

"ಆಮೆಯ ಹಾಗೆ ಅಂತ ಮಾಡಿದೆ ಮಗಾ," ಎಂದರು. "ಪೂಜೆ ಮಾಡಿ ಕೊಲ್ಲಲಿಕ್ಕೆ ಹೊರಟದ್ದಾ ನಾವು?"

ನಾನು ಅಂಚು ಬಿಟ್ಟು ದಡಕ್ಕೆ ಬಂದೆ. ದೋಣಿ ಆಳಕ್ಕೆ ಹೋಗದೆ ಕೊಲ್ಲಿಯ ಹುಲ್ಲಿನ ಮೇಲೆ ನಿಂತಿತು. ಹುಟ್ಟುಗಳನ್ನು ಎತ್ತಿದರು. ಆದರೆ ಜೊತೆಗೇ ಬಂದ ಕರು, ದೋಣಿಯೇ ತಾಯಿ ಎಂಬಂತೆ ಅದರ ಹಲಗೆಯನ್ನೇ ಮೂತಿಯಿಂದ ತಿವಿಯುತ್ತಿತ್ತು. ತಾಯಿ ದೂರದಲ್ಲಿ ಎದ್ದು, ಮನುಷ್ಯರನ್ನು ಕಂಡು ಮುಳುಗಿ, ಇನ್ನಷ್ಟು ದೂರದಲ್ಲಿ ಏಳುತ್ತಿತ್ತು. ಹಾಲಿಲ್ಲದ ಆ ಕರು ಇನ್ನೆಷ್ಟು ಹೊತ್ತು ತಾಳೀತೆಂದು ದಡದಲ್ಲಿ ನಾನು ಅತ್ತಿತ್ತ ಓಡಾಡಿದೆ.

ಆಗ ಮಾವ ಲಂಗರು ಬಿಟ್ಟು, ಸದ್ದಿಲ್ಲದೆ ನೀರಿಗಿಳಿದರು. ಉಳಿದವರಿಗೂ ಇಳಿಯುವಂತೆ ಸನ್ನೆ ಮಾಡಿದರು. ಅವರು ಹಿಂದುಮುಂದು ನೋಡಿದರು. ಆ ಊರಿನಲ್ಲಿ ಯಜಮಾನ ಸತ್ತಾಗ ಮಾತ್ರ ಅವನ ದೋಣಿಯನ್ನು ಆಳಿಲ್ಲದೆ ನೀರಿನ ಮೇಲೆ ನಿಲ್ಲಿಸುತ್ತಿದ್ದರು. ಮಾವ ಮಾತ್ರ ಹಿಂತಿರುಗಿ ನೋಡಲಿಲ್ಲ. ಒಬ್ಬೊಬ್ಬರೇ ಇಳಿದು, ಬಂಡೆಗಳ ಮರೆಯಲ್ಲಿ ಸುತ್ತು ಬಳಸಿ ಈಜಿದರು.

ಸಿಟ್ಟು ಇಳಿಯದೆ ಮತ್ತೆ ಬಯ್ಯಲೆಂದು ಬಂದ ಅತ್ತೆಯ ಕಣ್ಣಿಗೆ ಬಿದ್ದದ್ದು ಆ ಖಾಲಿ ದೋಣಿ. ಅವರು ಮರಳಿನಲ್ಲಿ ಕುಸಿದು ಎದೆ ಬಡಿದುಕೊಂಡು ಅಳತೊಡಗಿದರು. ನಾನು ಹೇಳಿದ್ದೊಂದೂ ಅವರ ಕಿವಿಗೆ ಬೀಳಲಿಲ್ಲ.

ನೀರು ಸುರಿಸುತ್ತ ಮಾವ ದಡದುದ್ದಕ್ಕೂ ಓಡಿಬಂದು ಅವರ ಪಕ್ಕದಲ್ಲಿ ಕುಕ್ಕರಿಸಿದರು.

"ಬದುಕಿದ್ದೇನೆ ಮಾರಾಯ್ತಿ, ಮೆಲ್ಲ," ಎಂದು ಪಿಸುಗುಟ್ಟಿದರು. "ಅಲ್ಲಿ ಕರು ಹಾಲು ಕುಡೀತಾ ಉಂಟು."

ಅತ್ತೆ ಸೆರಗನ್ನು ಬಾಯಿಗೆ ತುರುಕಿಕೊಂಡರು. ಭುಜಗಳು ಇನ್ನೂ ನಡುಗುತ್ತಿದ್ದವು. ಸದ್ದು ಮಾತ್ರ ಹೊರಗೆ ಬರಲಿಲ್ಲ.