ಏಳನೇ ಲೇನಿನ ಎಣ್ಣೆ

ಆ ಬೌಲಿಂಗ್ ಹಾಲಿನಲ್ಲಿ ಅವಳ ಸ್ವಂತ ಹೆಸರು ಇದ್ದದ್ದು ಹಾಜರಿ ಪುಸ್ತಕದಲ್ಲಿ ಮಾತ್ರ. ಉಳಿದಂತೆ ಎಲ್ಲರಿಗೂ ಅವಳು ಎಣ್ಣೆಯಕ್ಕ. ದಿನವೂ ಬೆಳಗ್ಗೆ ಬಾಗಿಲು ತೆರೆಯುವ ಮೊದಲು ಹನ್ನೆರಡು ಲೇನುಗಳನ್ನೂ ಒರೆಸಿ, ಟ್ರಂಕಿನಷ್ಟು ದಪ್ಪಗಿದ್ದ ಎಣ್ಣೆ ಯಂತ್ರವನ್ನು ಒಂದೊಂದರ ಮೇಲೂ ಓಡಿಸಿ ಬರುವುದು ಅವಳ ಕೆಲಸ. ನೋಡುವವರಿಗೆ ಲೇನು ಎಂದರೆ ಹೊಳೆಯುವ ಮರದ ಹಾಸು, ಅಷ್ಟೆ. ಅದರ ಮೇಲೆ ಕಣ್ಣಿಗೆ ಕಾಣದ ಎಣ್ಣೆಯ ಪದರವಿದೆ, ಅದು ಎಲ್ಲಿ ದಪ್ಪ ಎಲ್ಲಿ ತೆಳು ಎಂಬುದರ ಮೇಲೆ ಚೆಂಡಿನ ಹಣೆಬರಹ ನಿಂತಿದೆ ಎಂಬುದು ಆಡುವವರಲ್ಲೂ ಅರ್ಧ ಜನಕ್ಕೆ ಗೊತ್ತಿರಲಿಲ್ಲ.

ದಿನನಿತ್ಯದ ಗಿರಾಕಿಗಳಿಗೆ ಹಾಕುವುದು ಸುಲಭದ ಎಣ್ಣೆ. ನಡುವೆ ಧಾರಾಳ, ಅಂಚಿನಲ್ಲಿ ಹೆಸರಿಗೆ ಮಾತ್ರ. ಕೈತಪ್ಪಿ ಚೆಂಡು ಅಂಚಿನ ಕಡೆ ಹೋಯಿತೋ, ಒಣಮರ ಅದನ್ನು ಹಿಡಿದು ತಿರುಗಿಸಿ ಲೇನಿನ ಕೊನೆಯಲ್ಲಿ ನಿಂತ ಪಿನ್ನುಗಳ ಕಡೆಗೆ ಅಟ್ಟುತ್ತದೆ. ಒಳಕ್ಕೆ ಬಂತೋ, ನಡುವಿನ ಎಣ್ಣೆ ಅದನ್ನು ತಿರುಗಲು ಬಿಡದೆ ಜಾರಿಸಿಕೊಂಡು ಹೋಗಿ ಅದೇ ಜಾಗಕ್ಕೆ ಮುಟ್ಟಿಸುತ್ತದೆ. ಪಂದ್ಯದ ಎಣ್ಣೆ ಹಾಗಲ್ಲ. ಅಂಚಿನಿಂದ ಅಂಚಿಗೆ ಹೆಚ್ಚುಕಡಿಮೆ ಒಂದೇ ಸಮ. ಅಲ್ಲಿ ಚೆಂಡು ಎಸೆದ ಕಡೆಗೇ ಹೋಗುತ್ತದೆ, ಯಾರ ಮುಲಾಜೂ ಇಲ್ಲ.

ಎಣ್ಣೆಯಕ್ಕನ ಮಗಳಿಗೆ ಹದಿನಾರು ವರ್ಷ. ಭಾನುವಾರದ ಲೀಗಿನಲ್ಲಿ ಒಂದು ಆಟಕ್ಕೆ ಅವಳ ಸರಾಸರಿ ಮುನ್ನೂರಕ್ಕೆ ನೂರ ತೊಂಬತ್ತೆಂಟು. ಶೂ ಕೊಡುವ ಕೌಂಟರಿನ ಮೇಲೆ ಅವಳ ಫೋಟೋ ತೂಗುಹಾಕಿತ್ತು. ಕಿರಿಯರ ತಂಡಕ್ಕೆ ಐವರನ್ನು ಆರಿಸುವ ಪಂದ್ಯ ಈ ಸಲ ಇದೇ ಹಾಲಿನಲ್ಲಿ ಎಂದು ಗೊತ್ತಾದ ದಿನವೇ ಮಗಳು ತಂಡದ ಅಂಗಿಯ ಅಳತೆ ಬರೆದಿಟ್ಟಿದ್ದಳು. ಐವರಲ್ಲಿ ತಾನಿಲ್ಲದಿರುವ ಸಾಧ್ಯತೆ ಅವಳ ಕನಸಿನಲ್ಲೂ ಇರಲಿಲ್ಲ.

ಆ ಅಳುಕು ಇದ್ದದ್ದು ತಾಯಿಗೆ.

ಯಾಕೆಂದರೆ ಐದು ವರ್ಷದ ಹಿಂದೆ, ಮಗಳು ಚೆಂಡನ್ನು ತಿರುಗಿಸಿ ಎಸೆಯಲು ಕಲಿತ ಹೊಸತರಲ್ಲಿ, ಒಂದೇ ಆಟದಲ್ಲಿ ಒಂಬತ್ತು ಸಲ ಅವಳ ಚೆಂಡು ಚರಂಡಿಗೆ ಬಿದ್ದಿತ್ತು. ಲೇನಿನ ಪಕ್ಕದ ಕಾಲುವೆಗೆ ಅಲ್ಲಿ ಎಲ್ಲರೂ ಹೇಳುವುದೇ ಚರಂಡಿ ಎಂದು. ಜೊತೆಯ ಮಕ್ಕಳು "ಮುನಿಸಿಪಾಲಿಟಿ, ಮುನಿಸಿಪಾಲಿಟಿ" ಎಂದು ಕೂಗಿದ್ದರು. ಮಗು ಬೆಂಚಿನ ಕೆಳಗೆ ತೂರಿಕೊಂಡು ಸಂಜೆಯವರೆಗೆ ಹೊರಗೆ ಬರಲಿಲ್ಲ. ಮುಂದಿನ ಭಾನುವಾರ ತಾಯಿ ಯಂತ್ರದ ಗುಂಡಿಗಳನ್ನು ಒತ್ತಿ, ಮಕ್ಕಳು ಆಡುವ ಏಳು ಮತ್ತು ಎಂಟನೇ ಲೇನಿಗೆ ಬೇರೆಯದೇ ಲೆಕ್ಕ ಬರೆದಳು. ನಡುವೆ ಇನ್ನಷ್ಟು ಎಣ್ಣೆ, ಅಂಚಿನಲ್ಲಿ ಇನ್ನಷ್ಟು ಒಣ. ಸುಲಭದಲ್ಲೂ ಸುಲಭ. ಒಂದು ವಾರದ ಮಟ್ಟಿಗೆ ಎಂದುಕೊಂಡಿದ್ದಳು. ಮಗಳು ನಕ್ಕಳು. ನಗು ನೋಡಿದ ಮೇಲೆ ಯಾವ ತಾಯಿ ಲೆಕ್ಕ ಅಳಿಸುತ್ತಾಳೆ? ಹೆತ್ತವರಿಗೆ ಹೆಗ್ಗಣ ಮುದ್ದು. ಈಕೆಯಂತೂ ಹೆಗ್ಗಣ ಓಡಾಡಲು ದಾರಿಯನ್ನೂ ಮಾಡಿಕೊಟ್ಟಿದ್ದಳು.

ಆಯ್ಕೆಗೆ ಮೂರು ವಾರವಿದ್ದಾಗ ಅವಳು ಎದೆಗಟ್ಟಿ ಮಾಡಿಕೊಂಡು ಹನ್ನೆರಡನೇ ಲೇನಿಗೆ ಪಂದ್ಯದ ಎಣ್ಣೆ ಹಾಕಿ ಮಗಳನ್ನು ಅಲ್ಲಿ ನಿಲ್ಲಿಸಿದಳು. ನೂರ ಹದಿನೆಂಟು ಬಂತು.

"ಈ ಲೇನ್ ಕೆಟ್ಟಿದೆ ಅಮ್ಮ. ಬಾಲ್ ತಿರುಗೋದೇ ಇಲ್ಲ."

"ಕುಣಿಯಲಾರದವಳು ನೆಲ ಡೊಂಕು ಅಂದಳಂತೆ."

"ಡೊಂಕೇ ಇದೆ! ಬೇಕಾದ್ರೆ ಏಳನೇ ಲೇನಿಗೆ ಬಾ, ಹೇಗೆ ಕುಣೀತೀನಿ ನೋಡು."

ಮಗಳು ಏಳಕ್ಕೆ ಹೋಗಿ ಇನ್ನೂರ ಹನ್ನೆರಡು ಹೊಡೆದು, ಕೈಕಟ್ಟಿ ನಿಂತು ನೋಡಿದಳು. ಮತ್ತೆ ಹನ್ನೆರಡರ ಹತ್ತಿರ ಸುಳಿಯಲಿಲ್ಲ.

ಸುಳಿದವನು ನಿವೃತ್ತ ಪೋಸ್ಟ್‌ಮ್ಯಾನ್. ಮೂವತ್ತು ವರ್ಷ ಮನೆಮನೆ ಬಾಗಿಲು ತಟ್ಟಿದವನು, ಈಗ ದಿನಾ ಬಂದು ಪಿನ್ನು ತಟ್ಟುತ್ತಿದ್ದ. ಅಂದು ಎಂಬತ್ತೇಳು ಬಂದಿದ್ದಕ್ಕೆ ಹಾಲಿನ ಸೂರು ಕಿತ್ತುಹೋಗುವಂತೆ ಕೂಗಾಡಿದ.

"ಎಣ್ಣೆಯಕ್ಕ, ಏನಿದು? ಸರಿಯಾದ ವಿಳಾಸ ಬರೆದು ಕಳಿಸಿದ್ರೂ ಕಾಗದ ಪಕ್ಕದ ಬೀದಿಗೆ ಹೋಗ್ತಿದೆಯಲ್ಲ!"

"ವಿಳಾಸ ಸರಿಯಾಗಿ ಬರೆದಿಲ್ಲ ಮಾವ, ಅದಕ್ಕೇ."

ಮಾಲೀಕ ಮಾತ್ರ ನಗಲಿಲ್ಲ. ಆಫೀಸಿಗೆ ಕರೆಸಿಕೊಂಡ. "ನೋಡಮ್ಮ, ಜನ ಇಲ್ಲಿಗೆ ಪಾಠ ಕಲಿಯೋಕೆ ಬರಲ್ಲ. ಆಫೀಸಲ್ಲಿ ಬೈಸ್ಕೊಂಡು, ಮನೇಲಿ ಬೈಸ್ಕೊಂಡು, ಇಲ್ಲಿ ಬಂದು ನಾನೂ ಗಂಡಸು ಅಂತ ನಾಲ್ಕು ಸ್ಟ್ರೈಕ್ ಹೊಡೀಬೇಕು, ಒಂದೇ ಏಟಿಗೆ ಹತ್ತೂ ಪಿನ್ ಬೀಳಬೇಕು. ಹನ್ನೆರಡನ್ನ ಈಗಲೇ ಸರಿ ಮಾಡು."

"ಸಾರ್, ಬೆಳಗ್ಗೆ ಒಂದೇ ಒಂದು ಗಂಟೆ, ನನ್ನ ಮಗಳಿಗೆ..."

"ನಿನ್ನ ಮಗಳಿಗೇನು ಕಮ್ಮಿ? ಫೋಟೋ ಹಾಕಿಲ್ವಾ?"

ಅಲ್ಲಿಗೆ ಮುಗಿಯಿತು. ಮಾಲೀಕನಿಗೆ ಬೇಡ, ಗಿರಾಕಿಗೆ ಬೇಡ, ಕಲಿಯಬೇಕಾದವಳಿಗಂತೂ ಮೊದಲೇ ಬೇಡ. ಅವಳು ಒರೆಸುವ ಬಟ್ಟೆಯನ್ನು ಬಕೆಟ್ಟಿಗೆ ಎಸೆದ ರಭಸಕ್ಕೆ ನೀರು ಅವಳ ಮುಖಕ್ಕೇ ಹಾರಿತು.

ಆಯ್ಕೆಯ ಬೆಳಗ್ಗೆ, ಹಾಲ್ ಇನ್ನೂ ಖಾಲಿಯಿದ್ದಾಗ, ಆಯ್ಕೆ ಮಾಡುವ ಅಧಿಕಾರಿಣಿ ಬಂದರು. ಕೊರಳಲ್ಲಿ ಶಿಳ್ಳೆ, ಕೈಯಲ್ಲಿ ಪಂದ್ಯದ ಎಣ್ಣೆಯ ಲೆಕ್ಕವಿದ್ದ ಒಂದು ಹಾಳೆ. "ಇದರಂತೆ ಹಾಕಿ. ಒಂದನೇ ಲೇನು, ಹನ್ನೆರಡನೇ ಲೇನು ಪರೀಕ್ಷೆ ಮಾಡ್ತೀನಿ. ಉಳಿದದ್ದು ನಿಮ್ಮ ಮೇಲಿನ ನಂಬಿಕೆ."

ನಂಬಿಕೆ ಎಂಬ ಮಾತು ಅವಳಿಗೆ ಮುಳ್ಳಿನ ಹಾಗೆ ತಾಗಿತು. ಒಂದರಿಂದ ಆರರವರೆಗೆ ಹಾಳೆಯಲ್ಲಿದ್ದಂತೆ ಹಾಕಿದಳು. ಏಳಕ್ಕೆ ಯಂತ್ರವನ್ನು ಎತ್ತಿಡುತ್ತಲೇ ಪರದೆಯ ಮೇಲೆ ಹಳೆಯ ಲೆಕ್ಕ ತಾನಾಗಿಯೇ ಬಂದು ಕೂತಿತು, ಸಾಕಿದ ಬೆಕ್ಕು ತಟ್ಟೆಯ ಮುಂದೆ ಬಂದು ಕೂತ ಹಾಗೆ. ಒಂದು ಗುಂಡಿ ಒತ್ತಿದರೆ ಸಾಕು. ಮಗಳು ಏಳರಲ್ಲಿ ಆಡುತ್ತಾಳೆ ಎಂದು ಚೀಟಿ ಎತ್ತಿದಾಗಲೇ ಗೊತ್ತಾಗಿತ್ತು. "ನಮ್ಮ ಲೇನೇ ಬಂತು!" ಎಂದು ಕುಣಿದಿದ್ದಳು. ಅವಳ ಜೊತೆ ಅದೇ ಲೇನಿನಲ್ಲಿ ಇನ್ನೊಬ್ಬ ಹುಡುಗಿಯೂ ಆಡುವವಳಿದ್ದಳು. ಅವಳಿಗೂ ಸುಲಭವೇ ಆಗುತ್ತಿತ್ತು. ಉಳಿದ ಇಪ್ಪತ್ತೆರಡು ಮಕ್ಕಳಿಗೆ?

ಹೆಬ್ಬೆರಳು ಗುಂಡಿಯ ಮೇಲೆ ಹೋಗಿ ನಿಂತಿತು. ಎಣ್ಣೆ ಬಂದಾಗ ಕಣ್ಣು ಮುಚ್ಚಿಕೊಂಡರು ಎನ್ನುತ್ತಾರಲ್ಲ, ಇಲ್ಲಿ ಎಣ್ಣೆಯೂ ಅವಳದೇ, ಕಣ್ಣೂ ಅವಳದೇ. ಇವತ್ತು ಗೆಲ್ಲಿಸಿದರೆ ತಂಡದ ಜೊತೆ ಬೇರೆ ಊರಿಗೆ ಹೋಗುತ್ತಾಳೆ. ಅಲ್ಲಿ ಎಣ್ಣೆ ಹಾಕುವವಳು ಇವಳ ಅಮ್ಮನಲ್ಲ. ಅಲ್ಲಿ ಬೆಂಚಿನ ಕೆಳಗೆ ತೂರಿಕೊಂಡರೆ ಎಳೆದು ತರುವವರು ಯಾರು?

ಅವಳು ಹಾಳೆ ನೋಡಿ ಒಂದೊಂದೇ ಅಂಕಿ ಒತ್ತಿದಳು. ಯಂತ್ರ ಗುರುಗುಟ್ಟುತ್ತಾ ಹೋಗಿ ಬಂತು.

ಮೊದಲ ಆಟದಲ್ಲಿ ಮಗಳಿಗೆ ನೂರ ಮೂವತ್ತೊಂದು. ಎಂದಿನಂತೆ ಬಲಗಡೆಗೆ ಬಿಟ್ಟ ಚೆಂಡು ವಾಪಸು ಬರಲೇ ಇಲ್ಲ, ಹೆಸರು ಕೂಗಿದರೂ ತಿರುಗಿ ನೋಡದವರ ಹಾಗೆ ನೇರ ಹೋಯಿತು. ಎರಡನೆಯದರಲ್ಲಿ ಹಟಕ್ಕೆ ಬಿದ್ದು ಜೋರಾಗಿ ಎಸೆದಳು. ನೂರ ಮೂವತ್ತೊಂಬತ್ತು. ತಾಯಿ ಲೇನುಗಳ ಹಿಂದೆ, ಪಿನ್ನು ನಿಲ್ಲಿಸುವ ಯಂತ್ರಗಳ ಗದ್ದಲದಲ್ಲಿ ನಿಂತು, ಸಂದಿಯಿಂದ ಮಗಳ ಕಾಲುಗಳನ್ನು ಮಾತ್ರ ನೋಡುತ್ತಿದ್ದಳು. ಕಾಲುಗಳೇ ಎಲ್ಲ ಹೇಳುತ್ತಿದ್ದವು.

ಎರಡನೇ ಆಟದ ನಂತರದ ಬಿಡುವಿನಲ್ಲಿ ಆ ಕಾಲುಗಳು ನೇರ ಹಿಂದಿನ ಬಾಗಿಲಿಗೆ ಬಂದವು.

"ಏನ್ ಮಾಡಿದ್ದೀಯ ನಮ್ಮ ಲೇನಿಗೆ?"

"ಹಾಳೇಲಿ ಇದ್ದಿದ್ದನ್ನ ಹಾಕಿದ್ದೀನಿ."

"ಸುಳ್ಳು! ಏಳು ನನಗೆ ಗೊತ್ತಿಲ್ವಾ? ಕಣ್ಣು ಕಟ್ಟಿ ಬಿಟ್ರೂ ಆಡ್ತೀನಿ. ಇವತ್ತು ನನ್ನ ಕೈಗೆ ಏನೋ ಆಗಿದೆ, ಇಲ್ಲಾ ನೀನು ಏನೋ ಮಾಡಿದ್ದೀಯ."

ಇನ್ನೊಂದು ದಿನ ಹೇಳಬಹುದಿತ್ತು. ಸಮಾಧಾನವಾಗಿ, ಊಟಕ್ಕೆ ಕೂತಾಗ ಹೇಳಬಹುದಿತ್ತು. ಐದು ವರ್ಷ ಹಾಗೆಂದುಕೊಂಡೇ ಹೋಗಿತ್ತು. ಮಗಳು ತನ್ನ ಕೈಯನ್ನೇ ತಿರುಗಿಸಿ ತಿರುಗಿಸಿ ನೋಡಿಕೊಳ್ಳುವುದನ್ನು ಕಂಡು ತಾಯಿಯ ತಾಳ್ಮೆ ಕಿತ್ತುಹೋಯಿತು.

"ನಿನ್ನ ಕೈಗೆ ಏನೂ ಆಗಿಲ್ಲ ಕಣೇ. ಇಷ್ಟು ದಿನ ಆಡಿದ್ದು ನಿನ್ನ ಕೈ ಅಲ್ಲ. ಏಳಕ್ಕೆ, ಎಂಟಕ್ಕೆ ನಾನೇ ಬೇರೆ ಎಣ್ಣೆ ಹಾಕ್ತಿದ್ದೆ. ನೀನು ಎಲ್ಲಿಗೆ ಎಸೆದ್ರೂ ನಡುವಿಗೆ ಬರೋ ಹಾಗೆ."

ಪಿನ್ನುಗಳು ಒಂದರ ಮೇಲೊಂದು ಬಿದ್ದ ಸದ್ದು.

"ಎಷ್ಟು ದಿನದಿಂದ?"

"ನೀನು ಬೆಂಚಿನ ಕೆಳಗೆ ಕೂತೆಯಲ್ಲ, ಅದರ ಮುಂದಿನ ವಾರದಿಂದ."

"ಇವತ್ತೇ ಹೇಳಬೇಕಿತ್ತಾ? ಇವತ್ತೇ?" ಮಗಳ ದನಿ ಒಡೆಯಿತು. "ಹೋಗಲಿ, ಇವತ್ತೂ ಹಾಕೋಕೆ ಏನಾಗಿತ್ತು ನಿನಗೆ?"

ಶಿಳ್ಳೆ ಕೇಳಿಸಿತು. ಮಗಳು ಬಾಗಿಲನ್ನು ದಡಾರನೆ ಬಡಿದು ಹೋದಳು.

ಮೂರನೇ ಆಟದಲ್ಲಿ ಅವಳು ಚೆಂಡನ್ನು ತಿರುಗಿಸಲೇ ಇಲ್ಲ. ಕಲಿಯದವರ ಹಾಗೆ ನೆಟ್ಟಗೆ ನಡುವಿಗೆ ಎಸೆದು, ಉಳಿದ ಪಿನ್ನುಗಳನ್ನು ಎರಡನೇ ಚೆಂಡಿನಲ್ಲಿ ಒಂದೊಂದೇ ಹೆಕ್ಕಿದಳು. ನೋಡಲು ಚೆಂದವಿರಲಿಲ್ಲ. ಸಿಟ್ಟಿನಿಂದ ಕಳೆ ಕೀಳುವವರ ಹಾಗಿತ್ತು. ನೂರ ಅರವತ್ತೆಂಟು ಬಂತು. ಮೂರೂ ಸೇರಿ ನಾನೂರ ಮೂವತ್ತೆಂಟು. ಐದನೆಯವಳದು ನಾನೂರ ಐವತ್ತೊಂದು. ಇವಳು ಆರನೆಯವಳು.

"ಹದಿಮೂರು ಪಿನ್," ಎಂದ ಪೋಸ್ಟ್‌ಮ್ಯಾನ್, ಯಾರೂ ಕೇಳದಿದ್ದರೂ. "ಕೊನೇ ಆಟದ ಹಾಗೆ ಮೊದಲೇ ಆಡಿದ್ದಿದ್ರೆ..." ಎಣ್ಣೆಯಕ್ಕ ನೋಡಿದ ನೋಟಕ್ಕೆ ಮಾತು ಅರ್ಧಕ್ಕೇ ನಿಂತಿತು.

ಮನೆಯಲ್ಲಿ ಮಗಳು ಉಂಡಳು. ತಟ್ಟೆ ತೊಳೆದಿಟ್ಟಳು, ಬಾಗಿಲು ಹಾಕಿಕೊಂಡಳು. ಬೈದಿದ್ದರೆ ತಾಯಿಗೆ ಹಗುರಾಗುತ್ತಿತ್ತು.

ಮರುದಿನ ಬೆಳಗ್ಗೆ ತಾಯಿ ಎಲ್ಲ ಲೇನುಗಳಿಗೂ ಸುಲಭದ ಎಣ್ಣೆ ಹಾಕಿ ಮುಗಿಸುವ ಹೊತ್ತಿಗೆ ಮಗಳು ಚೆಂಡಿನ ಚೀಲ ಹೊತ್ತು ಬಂದಳು. ಏಳರಲ್ಲಿ ನಿಂತು ಬಲಗಡೆಗೆ, ಬೇಕೆಂದೇ ಎಂಬಷ್ಟು ಆಚೆಗೆ ಎಸೆದಳು. ಚೆಂಡು ಅಂಚಿನವರೆಗೆ ಹೋಗಿ, ಮನೆ ನೆನಪಾದ ಹಸುವಿನಂತೆ ತಿರುಗಿ ಬಂದು ಹತ್ತೂ ಪಿನ್ನುಗಳನ್ನು ಕೆಡವಿತು. ಅಂಕ ತೋರಿಸುವ ಪರದೆಯ ಮೇಲೆ ಬಣ್ಣಬಣ್ಣದ ಚಿತ್ರ ಕುಣಿಯಿತು. ಮಗಳು ಅದನ್ನು ನೋಡಲಿಲ್ಲ. ತಾಯಿಯ ಕಡೆ ತಿರುಗಿದಳು.

"ಇದು ನಂದಾ, ನಿಂದಾ?"

ಇಷ್ಟು ವರ್ಷ ದಿನಾ ಎಣ್ಣೆ ಹಾಕಿದವಳಿಗೂ ಎಷ್ಟು ಪಾಲು ಯಾರದು ಎಂದು ಗೊತ್ತಿರಲಿಲ್ಲ.

"ಗೊತ್ತಿಲ್ಲ ಮಗಳೇ."

"ಹಾಗಾದ್ರೆ ಒರೆಸು." ಮಗಳ ದನಿಯಲ್ಲಿ ಕ್ಷಮೆಯ ಗಂಧವೂ ಇರಲಿಲ್ಲ. "ಆ ಹಾಳೆ ಇದೆಯಲ್ಲ, ಅದನ್ನ ಹಾಕು."

"ಹತ್ತಕ್ಕೆ ಗಿರಾಕಿ ಬರ್ತಾರೆ. ಮಾಲೀಕ ಬೈತಾನೆ."

"ಬೈಯಲಿ."

ಗೋಡೆಯ ಗಡಿಯಾರದಲ್ಲಿ ಎಂಟೂ ಹತ್ತು. ಎಣ್ಣೆಯಕ್ಕ ಮಡಚಿಟ್ಟಿದ್ದ ಹಾಳೆಯನ್ನು ಜೇಬಿನಿಂದ ತೆಗೆದು, ಯಂತ್ರವನ್ನು ಏಳಕ್ಕೆ ಎಳೆದು ತಂದಳು. ಹಳೆಯ ಲೆಕ್ಕ ಮತ್ತೆ ಪರದೆಯ ಮೇಲೆ ಬಂದು ಕೂತಿತು. ಈ ಸಲ ಅವಳು ಅದನ್ನು ಅಳಿಸುವ ಗುಂಡಿಯನ್ನು ಹುಡುಕಬೇಕಾಯಿತು. ಅದು ಎಲ್ಲಿದೆ ಎಂದು ಇಷ್ಟು ವರ್ಷ ಅವಳು ನೋಡಿಯೇ ಇರಲಿಲ್ಲ.