ಗೌಡನ ಕೆರೆಯ ಸಿಳ್ಳೆ

ಸತ್ತವರು ಸಿಳ್ಳೆ ಹೊಡೆಯುವುದಿಲ್ಲ. ಇದು ಗಾದಿಲಿಂಗಪ್ಪನಿಗೆ ಗೊತ್ತಿಲ್ಲದ ಸಂಗತಿಯೇನಲ್ಲ. ಐವತ್ತು ದಾಟಿದ ಆಳು, ಅರ್ಧ ಆಯುಷ್ಯ ನೀರಿನಲ್ಲೇ ಕಳೆದವನು. ಕೆರೆಯಿಂದ ಯಾರದೋ ಹೆಣ ಎತ್ತಿಕೊಟ್ಟು, ಮನೆಗೆ ಬಂದು ಸ್ನಾನ ಮಾಡಿ ಉಂಡು ಮಲಗಿದ್ದೂ ಉಂಟು. ಅಂಥವನಿಗೂ ಆ ಚಳಿಗಾಲದಲ್ಲಿ, ಬೆಳಕು ಹರಿಯುವ ಹೊತ್ತಿಗೆ ಗೌಡನ ಕೆರೆಯ ಜೊಂಡಿನ ಕಡೆಯಿಂದ ಎರಡು ಗಿಡ್ಡ ಸಿಳ್ಳೆ ಕೇಳಿಬಂದರೆ ಕೈಯಲ್ಲಿನ ಚಹಾ ಬೇಡವಾಗುತ್ತಿತ್ತು.

ಎರಡು ಗಿಡ್ಡ ಸಿಳ್ಳೆ ಅಂದರೆ 'ಬಾ' ಅಂತ. ನೇಮಕಲ್ಲು ಊರಿನ ಆಚೆ ಇರುವ ಆ ಕೆರೆಯಲ್ಲಿ ದೊಡ್ಡ ಬಲೆ ಬಿಡುವುದು ಒಬ್ಬರ ಕೈಲಾಗುವ ಕೆಲಸವಲ್ಲ. ಒಬ್ಬ ಹರಿಗೋಲಿನಲ್ಲಿ ಬಲೆ ಬಿಡುತ್ತಾ ನಡುನೀರಿಗೆ ಹೋಗಬೇಕು, ಇನ್ನೊಬ್ಬ ದಂಡೆಯ ಮೇಲೆ ಹಗ್ಗದ ತುದಿ ಹಿಡಿದು ಕೂರಬೇಕು. ಮಂಜಿನಲ್ಲಿ ಒಬ್ಬರಿಗೊಬ್ಬರು ಕಾಣುವುದಿಲ್ಲ, ಕೂಗಿದರೆ ಮಾತು ಗಾಳಿಪಾಲು. ಅದಕ್ಕೇ ಸಿಳ್ಳೆ. ಉದ್ದಕ್ಕೆ ಒಂದು ಹೊಡೆದರೆ ಹಗ್ಗ ಎಳಿ. ಗಿಡ್ಡವು ಎರಡು ಹೊಡೆದರೆ ಬಾ, ನನ್ನ ಕೈಲಿ ಆಗುತ್ತಿಲ್ಲ. ಹಾಗೆ ಕರೆದಾಗ ಹೋಗಲಿಕ್ಕೆಂದೇ ದಂಡೆಯವನ ಪಕ್ಕದಲ್ಲಿ ಗಾಳಿ ತುಂಬಿದ ಲಾರಿ ಟ್ಯೂಬ್ ಒಂದು ಸದಾ ಇರುತ್ತದೆ.

ಹರಿಗೋಲಿನಲ್ಲಿ ಹೋಗುತ್ತಿದ್ದವನು ಮಾರೇಶ್, ಗಾದಿಲಿಂಗಪ್ಪನ ತಂಗಿ ಕೊಟ್ರಮ್ಮನ ಗಂಡ. ಹದಿನಾರು ವರ್ಷ ಇಬ್ಬರೂ ಜೋಡಿ. ದೀಪಾವಳಿ ಕಳೆದು ಎಂಟು ದಿನಕ್ಕೆ ಮಾರೇಶ್ ಆ ಕೆರೆಯಲ್ಲೇ ಹೋದ. ಮುಳುಗಿ ನಿಂತ ಬಳ್ಳಾರಿ ಜಾಲಿಯ ಮರಕ್ಕೆ ಬಲೆ ಸಿಕ್ಕಿತ್ತು, ಬಿಡಿಸಲು ಇಳಿದವನ ಕಾಲಿಗೂ ಅದೇ ಬಲೆ ಸುತ್ತಿತ್ತು. 'ಒಂದು ಸದ್ದೂ ಬರಲಿಲ್ಲ, ಬಂದಿದ್ದರೆ ನಾನು ಬಿಡುತ್ತಿದ್ದೆನೇ' ಎಂದು ಗಾದಿಲಿಂಗಪ್ಪ ಎದೆ ಎದೆ ಬಡಿದುಕೊಂಡು ಅತ್ತ. ಊರು ನಂಬಿತು. ಪೊಲೀಸರು ಬರೆದುಕೊಂಡರು. ಕೊಟ್ರಮ್ಮ ಅಣ್ಣನ ಹೆಗಲ ಮೇಲೆ ತಲೆಯಿಟ್ಟು ಬಿಕ್ಕಿದಳು.

ನಿಜ ಏನೆಂದರೆ, ಸದ್ದು ಬಂದಿತ್ತು.

ಅವತ್ತು ನಸುಕಿಗೆ ಚಹಾದಂಗಡಿಯಲ್ಲಿ ನಾಲ್ಕು ಮಂದಿಯ ಮುಂದೆ ಮಾರೇಶ್ ತಮಾಷೆ ಮಾಡಿದ್ದ. "ನಮ್ ಬಾವಗ ಈಗ ಮೀನು ಕಾಣಂಗಿಲ್ರಿ. ಮೀನಿಗೇ ಬಾವ ಕಾಣ್ತಾನ, ಪಾಪ ಅಂದು ತಾವಾಗೇ ಬಲಿಗೆ ಬರ್ತಾವ!" ಎಲ್ಲರೂ ಘೊಳ್ಳೆಂದು ನಕ್ಕರು. ಬಾವ, ಮೈದುನ ಅಂದಮೇಲೆ ಇದೆಲ್ಲ ಇದ್ದದ್ದೇ. ಆದರೆ ಆ ವರ್ಷ ಗಾದಿಲಿಂಗಪ್ಪನ ಕಣ್ಣು ನಿಜಕ್ಕೂ ಮಬ್ಬಾಗುತ್ತಿತ್ತು. ಯಾರಿಗೂ ಹೇಳಿರಲಿಲ್ಲ. ಮಾತು ಅಲ್ಲಿಗೇ ನಾಟಿತು.

ಮುಖ ಊದಿಸಿಕೊಂಡೇ ದಂಡೆಗೆ ಬಂದು ಕೂತ. ಮಂಜಿನೊಳಗಿಂದ ಎರಡು ಗಿಡ್ಡ ಸಿಳ್ಳೆ ಬಂದವು. ಅವನು ಆಗಷ್ಟೇ ಬೀಡಿ ಹಚ್ಚಿದ್ದ. 'ಕುರುಡ ಬಾವ ಯಾಕ ಬೇಕೋ ಈಗ? ಇನ್ನೊಂದ್ ಸಲ ಕರಿ ಮಗನ' ಎಂದು ಮನಸ್ಸಿನಲ್ಲೇ ಅಂದುಕೊಂಡು ದಮ್ಮು ಎಳೆದ. ಇನ್ನೊಂದು ಸಲವೂ ಕರೆಯಿತು. ಬೀಡಿ ಮುಗಿಯಲಿ ಎಂದು ಕೂತ. ಮೂರನೇ ಸಲ ಸಿಳ್ಳೆ ಬರಲಿಲ್ಲ. ಒಂದು ಬೀಡಿ ಎಷ್ಟು ಹೊತ್ತು ಉರಿದೀತು ಹೇಳಿ? ಅಷ್ಟೇ ಹೊತ್ತು.

ಮಾರೇಶನ ತಿಂಗಳ ತಿಥಿ ಕಳೆದ ಮೇಲೆ ಸಿಳ್ಳೆ ಮತ್ತೆ ಶುರುವಾಯಿತು. ಅದೇ ಹೊತ್ತು, ಅದೇ ಜೊಂಡಿನ ಕಡೆ, ಅದೇ ಗಿಡ್ಡವು ಎರಡು. ಈಗ ಒಬ್ಬನೇ ದಂಡೆಯಲ್ಲಿ ಸಣ್ಣ ಬಲೆ ಹಾಕುತ್ತಿದ್ದ ಗಾದಿಲಿಂಗಪ್ಪ ಮೊದಲ ದಿನ ಹಗ್ಗ ಅಲ್ಲೇ ಬಿಸಾಕಿ ಊರವರೆಗೂ ಓಡಿದ. ಮೂರು ದಿನ ಜ್ವರ. ಆಂಜನೇಯಸ್ವಾಮಿ ಗುಡಿಗೆ ಹೋಗಿ ಕೈಗೆ ದಾರ ಕಟ್ಟಿಸಿಕೊಂಡು ಬಂದ. ನಾಲ್ಕನೇ ದಿನ ಕೆರೆಗೆ ಹೋದರೆ ದಾರ ಕಟ್ಟುವ ಮೊದಲೂ ಅದೇ ಸಿಳ್ಳೆ, ಕಟ್ಟಿದ ಮೇಲೂ ಅದೇ ಸಿಳ್ಳೆ.

ಆಮೇಲೊಂದು ಬೆಳಿಗ್ಗೆ ಕಂಡವು. ಜೊಂಡಿನಿಂದ ಐದು ತಲೆ ಹೊರಬಂದವು. ಚಪ್ಪಟೆ ತಲೆ, ಮೀಸೆ, ಎಣ್ಣೆ ಹಚ್ಚಿ ಬಾಚಿದಂಥ ಮೈ. ಒಂದು ಮೀನು ಹಿಡಿದು ಕರಕರನೆ ಅಗಿಯುತ್ತಿತ್ತು, ಇನ್ನೊಂದು ದಂಡೆಯ ಮೇಲೆ ನಿಂತು ಸಿಳ್ಳೆ ಹಾಕುತ್ತಿತ್ತು. ನೀರುನಾಯಿ! ಕಂಪ್ಲಿಯ ಕಡೆ ಹೊಳೆಯಲ್ಲಿ ಇರುತ್ತವೆ, ಕಾಲುವೆ ತುಂಬಿ ಹರಿದಾಗ ಅದನ್ನೇ ಹಿಡಿದು ಬಂದಿರಬೇಕು ಎಂದು ಕಾಲುವೆ ಕಾಯುವವನು ಹೇಳಿದ. ದೆವ್ವವಲ್ಲ, ಪ್ರಾಣಿ. ಗಾದಿಲಿಂಗಪ್ಪನ ಎದೆ ಹಗುರಾಗಬೇಕಿತ್ತು. ಆಗಲಿಲ್ಲ. ಪ್ರಾಣಿಯೆಂದು ಗೊತ್ತಿದ್ದೂ ಪ್ರತಿ ಸಿಳ್ಳೆಗೂ ಅವನ ಬಾಯಲ್ಲಿ ಆ ಬೀಡಿಯ ಕಹಿ ಬರುತ್ತಿತ್ತು.

ಸಿಳ್ಳೆ ಹೊಡೆಯುವುದು ನೀರುನಾಯಿ ಎಂದು ತಂಗಿಗೆ ಹೇಳಬೇಕೆಂದು ಅವಳ ಮನೆಗೆ ಹೋದ. ಹೋದರೆ ಕೊಟ್ರಮ್ಮ ತಲೆ ಬಾಚಿಕೊಂಡು ಒಲೆ ಮುಂದೆ ಕೂತಿದ್ದಾಳೆ! ಗಂಡ ಸತ್ತ ದಿನದಿಂದ ಗೋಡೆಗೆ ಮುಖ ಹಾಕಿ ಮಲಗಿದ್ದವಳು, ಬಾಯಿಗೆ ಹಾಕಿದ ಗಂಜಿ ಹೊರಗೆ ಸುರಿಸುತ್ತಿದ್ದವಳು, ಈಗ ಜೋಳದ ರೊಟ್ಟಿ ತಟ್ಟುತ್ತಿದ್ದಾಳೆ.

"ಅಣ್ಣ, ನೀ ಕೇಳಿದ್ಯಾ?" ಅಂದಳು. "ಅಂವ ಸಿಳ್ಳಿ ಹೊಡಿಯಾಕತ್ತಾನ. ನನ್ನ ಕರಿಯಾಕತ್ತಾನ."

"ಕೊಟ್ರೀ..."

"ಹುಚ್ಚಿ ಅನ್ಬ್ಯಾಡ. ತೂಬಿನ ಕಲ್ಲಮ್ಯಾಲ ದಿನಾ ರೊಟ್ಟಿ, ಸುಟ್ಟ ಮೀನು ಇಟ್ಟು ಬರ್ತೀನಿ. ಮರುದಿನ ನೋಡಿದ್ರ ರೊಟ್ಟಿ ಹಂಗ ಇರ್ತೈತಿ, ಮೀನು ಇರಂಗಿಲ್ಲ. ಬದುಕಿದ್ದಾಗ್ಲೂ ಅಂವ ಹಂಗ ಅಲ್ಲೇನು, ರೊಟ್ಟಿ ಬಿಟ್ಟು ಮೀನು ತಿಂದು ಏಳಾಂವ." ಅಂದವಳು ನಕ್ಕಳು. ಆ ನಗು ನೋಡಿ ಎಷ್ಟು ದಿನವಾಗಿತ್ತು! ಗಾದಿಲಿಂಗಪ್ಪ ಹೇಳಲು ಬಂದ ಮಾತನ್ನು ರೊಟ್ಟಿಯ ಜೊತೆ ನುಂಗಿ ಎದ್ದು ಬಂದ.

ಇತ್ತ ಮೀನುಗಾರರ ಸೊಸೈಟಿಯಲ್ಲಿ ಗಲಾಟೆ ಹತ್ತಿತು. ಬಲೆಗಳು ಹರಿದು ಬರುತ್ತಿದ್ದವು. ದಂಡೆಯ ಮೇಲೆ ಕಟ್ಲಾ ಮೀನಿನ ತಲೆ ಒಂದು ಕಡೆ, ಬಾಲ ಒಂದು ಕಡೆ. ಉಳಿದ ಮೀನು ಹೆದರಿ ಆಳಕ್ಕೆ ಇಳಿದು ಬಲೆಗೆ ಬೀಳುವುದನ್ನೇ ಬಿಟ್ಟಿತ್ತು. ಇಪ್ಪತ್ತೆರಡು ಮನೆಗಳ ಒಲೆ ಆ ಕೆರೆಯ ಮೇಲೇ ಉರಿಯಬೇಕು. ಶಿವರಾತ್ರಿಯ ಹಿಂದಿನ ವಾರ ಅಧ್ಯಕ್ಷ ಸಿದ್ದರಾಮೇಶ್ ಎಲ್ಲರನ್ನೂ ಶೆಡ್ಡಿಗೆ ಕರೆದ.

"ಕೆರಿಗೆ ಮೀನಮರಿ ಬಿಟ್ಟವ್ರು ನಾವು, ಉಣ್ಣೋವು ಅವು. ಇದ್ಯಾವ ನ್ಯಾಯರಿ? ಕ್ಲಚ್ ವೈರಿನ ಉರುಲು ಹಾಕೋಣ" ಅಂದ.

"ಫಾರೆಸ್ಟ್‌ನೋರಿಗೆ ಗೊತ್ತಾದ್ರ ಒಳಗ ಹಾಕ್ತಾರ್ರಿ" ಎಂದು ಹಿಂದಿನಿಂದ ಯಾರೋ ಅಂದರು.

"ಹೇಳೋರ್ಯಾರು?" ಸಿದ್ದರಾಮೇಶ್ ಎಲ್ಲರ ಮುಖ ನೋಡಿ ಗಾದಿಲಿಂಗಪ್ಪನ ಹತ್ತಿರ ನಿಂತ. "ಹಿರೇರು ನೀವು. ಅವು ಎಲ್ಲಿ ದಂಡಿಗೆ ಹತ್ತತಾವ, ಎಲ್ಲಿ ಇಳೀತಾವ, ನಿಮ್ಗ ಗೊತ್ತು. ನೀವ ಹಾಕ್ಬೇಕ್ರಿ."

ಗಾದಿಲಿಂಗಪ್ಪನಿಗೆ ಇನ್ನೊಂದು ವಿಷಯವೂ ಗೊತ್ತಿತ್ತು. ನೀರುನಾಯಿಗಳು ಬಂಡೆಯ ಮೇಲೆ ಹಾಕಿದ ಹಿಕ್ಕೆಯನ್ನು ಅವನು ಕಡ್ಡಿಯಿಂದ ಕೆದಕಿ ನೋಡಿದ್ದ. ಕಟ್ಲಾದ ಪೊರೆ ಅಷ್ಟಿಷ್ಟು ಇತ್ತು, ಸುಳ್ಳಲ್ಲ. ಆದರೆ ಹೆಚ್ಚಿಗಿದ್ದದ್ದು ದೊಡ್ಡ ಮೀಸೆಮೀನಿನ ಮುಳ್ಳು. ಎರಡು ವರ್ಷದ ಹಿಂದೆ ಯಾವುದೋ ಮೀನು ಸಾಕುವ ಹೊಂಡದಿಂದ ತಪ್ಪಿಸಿಕೊಂಡು ಕೆರೆ ಸೇರಿದ ಆ ಮೀನು ಮೊಳದುದ್ದ ಬೆಳೆದು, ಸೊಸೈಟಿಯವರು ಬಿಟ್ಟ ಮರಿಗಳನ್ನೆಲ್ಲ ಗುಳುಂ ಮಾಡುತ್ತಿತ್ತು. ಅಂದರೆ ನೀರುನಾಯಿ ತಿನ್ನುತ್ತಿದ್ದದ್ದು ಹೆಚ್ಚಾಗಿ ಕಳ್ಳನನ್ನೇ. ಇದನ್ನು ಅಲ್ಲಿ ನಿಂತು ಹೇಳಿದ್ದರೆ ಸಿದ್ದರಾಮೇಶ್ ಕೇಳುತ್ತಿದ್ದ, ಅವನೇನು ಕಟುಕನಲ್ಲ. ಗಾದಿಲಿಂಗಪ್ಪ ಹೇಳಲಿಲ್ಲ. ಅವನಿಗೆ ಸಿಳ್ಳೆ ನಿಲ್ಲಬೇಕಿತ್ತು. ತಂಗಿ ನಾಲ್ಕು ದಿನ ಅತ್ತು ಸುಮ್ಮನಾದಾಳು, ತನಗೆ ನಿದ್ದೆ ಬಂದೀತು ಎಂದುಕೊಂಡ.

"ಆತು, ಹಾಕ್ತೀನಿ" ಅಂದ.

ಮರುದಿನ ಸಂಜೆ ಉರುಲು ಹಾಕಿ, ಬೆಳಗಾಗುತ್ತಲೇ ಕೋಲು ಹಿಡಿದು ಹೋದ. ಕೆರೆ ಸಮೀಪಿಸುವ ಮೊದಲೇ ಸಿಳ್ಳೆ ಕೇಳಿತು. ಎರಡು ಗಿಡ್ಡವು. ತಡೆದು ಮತ್ತೆ ಎರಡು. ಮತ್ತೆ ಎರಡು. ಕೋಲನ್ನು ಬಿಗಿಹಿಡಿದು ಹೆಜ್ಜೆ ಹಾಕಿದ.

ಸಿಕ್ಕಿದ್ದು ಮರಿ. ಮೊಣಕೈ ಉದ್ದವೂ ಇರಲಿಲ್ಲ. ತಂತಿ ಸೊಂಟಕ್ಕೆ ಬಿಗಿದು ಕೂದಲು ಕಿತ್ತುಬಂದಿತ್ತು. ಅದು ನೀರಿನ ಕಡೆ ಮುಖ ಮಾಡಿ ಸಿಳ್ಳೆ ಹಾಕುತ್ತಿತ್ತು. ನೀರಿನಲ್ಲಿ ಉಳಿದ ನಾಲ್ಕೂ ಇದ್ದವು. ಓಡಿಹೋಗಿರಲಿಲ್ಲ. ಮನುಷ್ಯ ಬಂದ, ಕೈಯಲ್ಲಿ ಕೋಲಿದೆ, ಆದರೂ ಹೋಗಲಿಲ್ಲ. ಒಂದಂತೂ ದಂಡೆಗೇ ಹತ್ತಿ ಬಂತು. ಅವನ ಕಾಲಿಗೆ ನಾಲ್ಕು ಮಾರು ದೂರದಲ್ಲಿ ನಿಂತು ಹಲ್ಲು ಕಿರಿದು ಬುಸುಗುಟ್ಟಿತು. ತಾಯಿ ಇರಬೇಕು. ಇಡೀ ರಾತ್ರಿ ಅಲ್ಲೇ ಇದ್ದವೋ ಏನೋ, ಕೆಸರೆಲ್ಲ ಹೆಜ್ಜೆಗಳಿಂದ ತುಳಿದುಹೋಗಿತ್ತು. ಗಾದಿಲಿಂಗಪ್ಪ ಎತ್ತಿದ ಕೋಲು ಎತ್ತಿದಲ್ಲೇ ನಿಂತಿತು.

"ಅಣ್ಣಾ?"

ಹಿಂದೆ ಕೊಟ್ರಮ್ಮ. ಕೈಯಲ್ಲಿ ರೊಟ್ಟಿಯ ಗಂಟು. ಅವಳ ಕಣ್ಣು ಮರಿಯ ಮೇಲೆ ಹೋಯಿತು, ತಂತಿಯ ಮೇಲೆ ಹೋಯಿತು, ಕೋಲಿನ ಮೇಲೆ ಹೋಯಿತು. ಮರಿ ಮತ್ತೆ ಎರಡು ಸಿಳ್ಳೆ ಹಾಕಿತು.

"ಇದಾ?" ಅಂದಳು. ಅವಳು ಕುಸಿಯುತ್ತಾಳೆ ಎಂದುಕೊಂಡ ಗಾದಿಲಿಂಗಪ್ಪ. ಅವಳು ಕುಸಿಯಲಿಲ್ಲ. "ಹೋಗ್ಲಿ ಬಿಡು. ಅಂವ ಅಲ್ಲಂತ ಒಳಗ ಗೊತ್ತಿತ್ತು ನನ್ಗ. ಬಿಡಿಸಣ್ಣ ಅದನ್ನ, ಪಾಪ. ನೋಡಲ್ಲಿ, ಒಂದು ಕರದ್ರ ಎಲ್ಲಾವೂ ಬಂದು ನಿಂತಾವ."

ಅವಳು ಇದನ್ನು ಅವನಿಗೆ ಚುಚ್ಚಲೆಂದು ಅನ್ನಲಿಲ್ಲ. ಕಂಡದ್ದನ್ನು ಅಂದಳು ಅಷ್ಟೇ. ಗಾದಿಲಿಂಗಪ್ಪನ ಕೋಲು ಕೈಯಿಂದ ಜಾರಿತು. ಮೊಣಕಾಲೂರಿ ಮರಿಯ ಹತ್ತಿರ ಸರಿದು ತಂತಿಗೆ ಕೈ ಹಾಕಿದ. ಮಬ್ಬುಗಣ್ಣಿಗೆ ಗಂಟು ಸರಿಯಾಗಿ ಕಾಣಲಿಲ್ಲ, ಬೆರಳಲ್ಲೇ ತಡಕಿದ. ಮರಿ ಅವನ ಅಂಗೈಯನ್ನು ಕಚ್ಚಿ ಹಿಡಿಯಿತು. ಬಿಡಿಸಿಕೊಳ್ಳಲಿಲ್ಲ. ತಂತಿ ಸಡಿಲಾಗುವ ತನಕ ಕಚ್ಚಿಸಿಕೊಂಡ. ಸಡಿಲಾದದ್ದೇ ತಡ, ಮರಿ ಪಟ್ಟನೆ ನೀರಿಗೆ ಬಿತ್ತು. ಐದೂ ತಲೆ ಜೊಂಡಿನೊಳಗೆ ಮರೆಯಾದವು.

"ಅಯ್ಯೋ ರಕ್ತ!" ಕೊಟ್ರಮ್ಮ ಸೆರಗಿನ ಅಂಚು ಹರಿದು ಅವನ ಕೈಗೆ ಸುತ್ತತೊಡಗಿದಳು. ಚಿಕ್ಕವಳಿದ್ದಾಗ ಮುಳ್ಳು ಚುಚ್ಚಿದರೆ ಅವನು ಅವಳ ಕಾಲಿಗೆ ಸುತ್ತುತ್ತಿದ್ದ ಹಾಗೆಯೇ. ಆ ಪ್ರೀತಿಯನ್ನು ತಾಳಲಾರದೆ ಹೋದ.

"ಕೊಟ್ರೀ, ಅಂವ ಕರದಿದ್ದ."

"ಯಾರು?"

"ಮಾರೇಶ. ಅವತ್ತು. ಎರಡು ಸಲ ಕರದ. ನಾ ಕೇಳಿದ್ನೆವ್ವಾ. ಸಿಟ್ಟಿತ್ತು ನನ್ಗ. ಬೀಡಿ ಸೇದ್ಕೋತ ಕುಂತೆ. ಟ್ಯೂಬು ಪಕ್ಕದಾಗ ಇತ್ತು."

ಸುತ್ತುತ್ತಿದ್ದ ಕೈ ನಿಂತಿತು. ಅರ್ಧ ಸುತ್ತಿದ ಬಟ್ಟೆಯನ್ನು ಅವಳು ಹಾಗೇ ಬಿಟ್ಟಳು. ಅದು ಬಿಚ್ಚಿಕೊಂಡು ಕೆಸರಿಗೆ ಬಿತ್ತು. ಕೂಗಾಡಿದ್ದರೆ, ಹೊಡೆದಿದ್ದರೆ, ಮಣ್ಣು ತೂರಿದ್ದರೆ ಅವನಿಗೆ ಎಷ್ಟೋ ವಾಸಿ ಎನಿಸುತ್ತಿತ್ತು. ಕೊಟ್ರಮ್ಮ ನೀರಿನ ಕಡೆ ನೋಡಿದಳು.

"ಅಂವ ಕರದಿದ್ದು ನಿನ್ನ" ಅಂದಳು. "ನನ್ನ ಕರದಿದ್ರ ನಾ ಬರ್ತಿದ್ದೆ ಅಣ್ಣ. ಈಜು ಬರಂಗಿಲ್ಲ ನನ್ಗ, ಆದ್ರೂ ಬರ್ತಿದ್ದೆ."

ರೊಟ್ಟಿಯ ಗಂಟನ್ನು ಅವನ ಮುಂದೆ ಇಟ್ಟು ಊರ ದಾರಿ ಹಿಡಿದಳು. ಅವಳು 'ಅಣ್ಣ' ಅಂದದ್ದು ಅದೇ ಕೊನೆ.

ಅವತ್ತೇ ಗಾದಿಲಿಂಗಪ್ಪ ಉರುಲುಗಳನ್ನೆಲ್ಲ ಕಿತ್ತು ಸಿದ್ದರಾಮೇಶನ ಮುಂದೆ ಹಾಕಿದ. ಜೊತೆಗೆ ಒಂದು ಕಾಗದದಲ್ಲಿ, ಹಿಕ್ಕೆಯಿಂದ ಆಯ್ದ ಮೀಸೆಮೀನಿನ ಮುಳ್ಳು. ಸೊಸೈಟಿಯಲ್ಲಿ ಬೈದವರು ಬೈದರು. ಕೊನೆಗೆ ಬಲೆ ಬಿಡುವ ಹೊತ್ತು ಬದಲಿಸಿ, ಜೊಂಡಿನ ಕಡೆಯನ್ನು ನೀರುನಾಯಿಗಳಿಗೇ ಬಿಟ್ಟುಕೊಟ್ಟರು. ಕಟ್ಲಾ ಹೋಗುವುದು ಪೂರ್ತಿ ನಿಂತಿಲ್ಲ, ಬಲೆ ಈಗಲೂ ಒಮ್ಮೊಮ್ಮೆ ಹರಿಯುತ್ತದೆ. ಆದರೆ ಈ ಸಲ ಬಿಟ್ಟ ಮೀನಿನ ಮರಿಗಳು ಬೆರಳುದ್ದ ದಾಟಿ ಬೆಳೆದಿವೆ ಎಂದು ಸಿದ್ದರಾಮೇಶನೇ ಹೇಳುತ್ತಾನೆ.

ಕೊಟ್ರಮ್ಮ ಉಣ್ಣುತ್ತಾಳೆ, ತಲೆ ಬಾಚುತ್ತಾಳೆ, ಕೂಲಿಗೆ ಹೋಗುತ್ತಾಳೆ. ಕೆರೆಯ ಕಡೆ ಬರುವುದಿಲ್ಲ. ಶನಿವಾರ ಆಂಜನೇಯನ ಗುಡಿಯಲ್ಲಿ ಎದುರಾದರೆ ಕಂಬದ ಆಚೆ ಸರಿದು ಹೋಗುತ್ತಾಳೆ. ಊರಿನವರಿಗೆ ಅವಳು ಏನನ್ನೂ ಹೇಳಿಲ್ಲ. ಹೇಳಿದ್ದರೆ ಚೆನ್ನಾಗಿತ್ತು ಎಂದು ಗಾದಿಲಿಂಗಪ್ಪನಿಗೆ ಎಷ್ಟೋ ಸಲ ಅನ್ನಿಸಿದೆ.

ಅವನು ಬೆಳಗಾಗುವ ಮೊದಲೇ ದಂಡೆಗೆ ಬಂದು ಕೂರುತ್ತಾನೆ, ಟ್ಯೂಬಿನ ಗಾಳಿ ಒತ್ತಿ ನೋಡುತ್ತಾನೆ. ಜೊಂಡಿನ ಕಡೆಯಿಂದ ಸಿಳ್ಳೆ ಬರುತ್ತದೆ. ನೀರುನಾಯಿ ಎಂದು ಅವನಿಗೆ ಚೆನ್ನಾಗಿ ಗೊತ್ತು. ಆದರೂ ಲೋಟದಲ್ಲಿದ್ದ ಚಹಾ ಅಲ್ಲೇ ಬಿಟ್ಟು, ಟ್ಯೂಬನ್ನು ನೀರಿಗೆ ತಳ್ಳಿ, ಜಾಲಿಯ ಮರ ಮುಳುಗಿರುವ ಜಾಗದವರೆಗೂ ಹೋಗಿ ಬರುತ್ತಾನೆ. ಇನ್ನೊಂದು ಸಲ ಕರೆಯಲಿ ಎಂದು ಕಾಯುವುದಿಲ್ಲ.