ಎಡಗೈಯ ಅಂಚು

ನಮ್ಮ ಅಂಗಡಿಗೆ ದೇವರ ಆಶೀರ್ವಾದವಿದೆ ಎಂದು ಬೀದಿಯೆಲ್ಲ ಹೇಳುತ್ತದೆ. ಹೇಳಿಕೊಳ್ಳಲಿ. ಬಟ್ಟೆಗೆ ಹೊಲಿಗೆ ಹಾಕುವವಳು ನಾನು, ಊರವರ ಬಾಯಿಗಲ್ಲ. ಆದರೆ ಆ ಆಶೀರ್ವಾದ ಯಾರ ತಲೆಗೆ ಇಳಿಯಬೇಕಿತ್ತು, ಯಾರ ತಲೆಗೆ ಇಳಿಯಿತು ಎಂಬುದು ಇಬ್ಬರಿಗೆ ಮಾತ್ರ ಗೊತ್ತಿತ್ತು: ನನಗೆ, ನಮ್ಮಣ್ಣನಿಗೆ. ಅಣ್ಣ ಬಾಯಿ ಬಿಡಲಿಲ್ಲ. ನಾನಂತೂ ಬಿಡುವ ಪೈಕಿಯೇ ಅಲ್ಲ.

ಅಪ್ಪ ದರ್ಜಿ. ಅಂಗಡಿಯ ಬಾಗಿಲ ಪಕ್ಕದಲ್ಲೇ ಒಂದು ತಕ್ಕಡಿ ತೂಗುಹಾಕಿದ್ದರು. ಮೊದಲ ಸಲ ಬಂದವರು ಇದೇನು ಬೇಳೆಕಾಳು ಮಾರುವ ಅಂಗಡಿಯೋ ಎಂದು ನಗುತ್ತಿದ್ದರು. ಗಿರಾಕಿ ತಂದ ಬಟ್ಟೆಯನ್ನು ಅವರೆದುರೇ ತೂಗಿ ಚೀಟಿಯಲ್ಲಿ ಬರೆಯುವುದು. ಹೊಲಿದು ಮುಗಿದ ಮೇಲೆ ಉಡುಪನ್ನೂ ಉಳಿದ ಚೂರುಗಳನ್ನೂ ಒಟ್ಟಿಗೆ ಇಟ್ಟು ಮತ್ತೆ ತೂಗುವುದು. ನಾವು ಹಾಕಿದ ಅಸ್ತರು, ದಾರ, ಗುಂಡಿಗಳ ತೂಕ ಬೇರೆ ಲೆಕ್ಕ. ಬೆರಳಗಲದ ಚೂರನ್ನೂ ನಾವು ಇಟ್ಟುಕೊಳ್ಳುವಂತಿರಲಿಲ್ಲ. ಬೇರೆ ದರ್ಜಿಗಳ ಮಕ್ಕಳು ಗಿರಾಕಿಗಳ ಉಳಿಕೆಯಲ್ಲೇ ಬಣ್ಣಬಣ್ಣದ ಅಂಗಿ ತೊಟ್ಟು ಮೆರೆಯುತ್ತಿದ್ದರು. ನಮಗೆ ವರ್ಷಕ್ಕೊಂದು ಬೂದು ಬಣ್ಣದ ಥಾನು. ಅದರಲ್ಲೇ ಅಪ್ಪನ ಅಂಗಿ, ಅಣ್ಣನ ಅಂಗಿ, ನನ್ನ ಲಂಗ, ಕಿಟಕಿಯ ಪರದೆ. ಪರದೆಯ ಪಕ್ಕ ನಿಂತರೆ ನಾನಿರುವುದೇ ಯಾರಿಗೂ ಕಾಣುವುದಿಲ್ಲ ಎಂದು ಅಣ್ಣ ರೇಗಿಸುತ್ತಿದ್ದ.

ಅಮ್ಮ ನಾನು ಹುಟ್ಟಿದ ವರ್ಷವೇ ಹೋಗಿದ್ದಳು. ಮನೆಯಲ್ಲಿ ಮೂವರೇ. ಅಪ್ಪ ಓದುತ್ತಿದ್ದುದು ಒಂದೇ ಪುಸ್ತಕ, ಹೀಬ್ರೂ ಜನರ ಹಳೆಯ ಧರ್ಮಗ್ರಂಥ. ಅಂಗಡಿಯ ಕದ ಹಾಕಿದ ಮೇಲೆ ಒಂದು ಕಥೆ ಓದಿ, ಅದರ ಅರ್ಥ ಹೇಳಿ, ಆಮೇಲೆ ಊಟ. ಗೆದ್ದ ಊರಿನಿಂದ ಒಂದು ಚೂರನ್ನೂ ಮುಟ್ಟಬೇಡಿ ಎಂದು ದೇವರು ಅಪ್ಪಣೆ ಕೊಟ್ಟಿದ್ದರೂ, ಚೆಂದದ ನಿಲುವಂಗಿಯೊಂದನ್ನು ಕದ್ದು ಡೇರೆಯ ನೆಲದಲ್ಲಿ ಹೂತಿಟ್ಟವನ ಕಥೆ ಅಪ್ಪನಿಗೆ ಬಹಳ ಪ್ರಿಯ. ಒಬ್ಬನ ಆಸೆಗೆ ಎಷ್ಟು ಜನ ಸತ್ತರು ಎಂದು ಬೆರಳು ಮಡಿಚಿ ಹೇಳುತ್ತಿದ್ದರು. ಕಣ್ಣು ಕಾಣದ ಮುದಿ ತಂದೆಯ ಕಥೆಯೂ ಇತ್ತು. ಕಿರಿಯ ಮಗ ಕೈಗೆ ಆಡಿನ ಚರ್ಮ ಕಟ್ಟಿಕೊಂಡು ರೋಮದ ಕೈಯ ಹಿರಿಯನಂತೆ ಹೋಗಿ ನಿಲ್ಲುತ್ತಾನೆ. ತಂದೆ ಕೈ ಸವರಿ ನೋಡಿ, ಹಿರಿಯನ ಆಶೀರ್ವಾದವನ್ನು ಅವನಿಗೇ ಕೊಟ್ಟುಬಿಡುತ್ತಾನೆ. ನಿಜ ತಿಳಿದ ಮೇಲೂ ಹಿಂದಕ್ಕೆ ಪಡೆಯಲಾಗುವುದಿಲ್ಲ. "ಅಯ್ಯೋ, ಮಗನ ಕೈ ಅಪ್ಪನಿಗೆ ಗೊತ್ತಾಗಲ್ವೇ?" ಎಂದು ನಾನು ಕೇಳಿದ್ದೆ. "ಅವನು ದರ್ಜಿಯಲ್ಲವಲ್ಲ, ಅದಕ್ಕೇ ಮೋಸಹೋದ" ಎಂದು ಅಪ್ಪ ನಕ್ಕಿದ್ದರು.

ನಮ್ಮ ಮನೆಯಲ್ಲೂ ಒಂದು ಆಶೀರ್ವಾದವಿತ್ತು. ತಾತ ತನ್ನ ಕಣ್ಣು ಮಂಜಾದಾಗ ದೊಡ್ಡ ಕತ್ತರಿಯನ್ನು ಅಪ್ಪನ ಕೈಗಿಟ್ಟು, ತಲೆಯ ಮೇಲೆ ಕೈಯಿಟ್ಟು ನಾಲ್ಕು ಮಾತು ಹೇಳಿದ್ದನಂತೆ. ಅಲ್ಲಿಂದ ಅಂಗಡಿ ಅಪ್ಪನದು. ಈಗ ಅಪ್ಪನ ಕಣ್ಣೂ ಮಂಜಾಗತೊಡಗಿತ್ತು. ಸೂಜಿಗೆ ದಾರ ಪೋಣಿಸಲು ನನ್ನನ್ನು ಕರೆಯುತ್ತಿದ್ದರು. ಬೇಸಿಗೆ ಕಳೆದ ಮೇಲೆ ಕತ್ತರಿ ದೊಡ್ಡವನಿಗೆ ಎಂದು ತೀರ್ಮಾನವಾಗಿತ್ತು.

ದೊಡ್ಡವನೆಂದರೆ ಅಣ್ಣ. ಅವನದು ಎಡಗೈ. ಅಪ್ಪನ ಕತ್ತರಿ ಬಲಗೈಯದು. ಅದನ್ನು ಎಡಗೈಯಲ್ಲಿ ಹಿಡಿದರೆ ಬಟ್ಟೆ ಅಲಗುಗಳ ನಡುವೆ ಮಡಚಿಕೊಳ್ಳುತ್ತಿತ್ತು. "ಇದು ಕತ್ತರಿಸಲ್ಲ ಕಣೇ, ಅಗಿಯುತ್ತೆ" ಎಂದು ಗೊಣಗುತ್ತ ಬಲಗೈಯಲ್ಲೇ ಅಭ್ಯಾಸ ಮಾಡುತ್ತಿದ್ದ. ಆದರೆ ಸೂಜಿ ಹಿಡಿದರೆ ಅವನನ್ನು ಮೀರಿಸುವವರಿರಲಿಲ್ಲ. ಅಂಚು ಮಡಚಿ ಅವನು ಹಾಕಿದ ಕೈಹೊಲಿಗೆ ಮೇಲಿನಿಂದ ಕಾಣುತ್ತಲೇ ಇರಲಿಲ್ಲ. ಒಳಗೆ ಮಾತ್ರ ಎಲ್ಲರ ಹೊಲಿಗೆ ಒಂದು ಕಡೆ ವಾಲಿದರೆ ಇವನದು ಇನ್ನೊಂದು ಕಡೆ ವಾಲುತ್ತಿತ್ತು.

ನನ್ನ ಕೆಲಸ ಗುಂಡಿ ಹಾಕುವುದು. ಹೆಣ್ಣುಮಗಳಿಗೆ ಅಷ್ಟು ಸಾಕು ಎಂಬುದು ಅಪ್ಪನ ಅಭಿಪ್ರಾಯ. ಅದಕ್ಕೇ ನನ್ನ ಹೆಸರೂ ಗುಂಡಿ ಎಂದಾಯಿತು. ಮಧ್ಯಾಹ್ನ ಅಪ್ಪ ಒಂದು ಗಳಿಗೆ ಮಲಗಿದಾಗ ಅಣ್ಣ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಅಂಚು ಹೊಲಿಯುವುದನ್ನು ಕಲಿಸಿದ. ಅವನ ಕೈ ನೋಡಿ ಕಲಿತದ್ದರಿಂದ ಉಣ್ಣುವುದು, ಬರೆಯುವುದು ಬಲಗೈಯಲ್ಲಾದರೂ ಅಂಚು ಹೊಲಿಯುವುದು ಮಾತ್ರ ನನಗೆ ಎಡಗೈಯಲ್ಲೇ ಬಂತು. ಬಟ್ಟೆಯ ಕೆಳಗಿಟ್ಟ ಬೆರಳಿಗೆ ಸೂಜಿ ಚುಚ್ಚುವುದು ದರ್ಜಿಗಳ ಪಾಡು. ಎಲ್ಲರಿಗೂ ಎಡಗೈ ತೋರುಬೆರಳಿಗೆ ಚುಚ್ಚಿದರೆ ನಮ್ಮಿಬ್ಬರಿಗೆ ಬಲಗೈಯದಕ್ಕೆ.

ನನಗಾಗ ಹದಿನೇಳು. ನ್ಯಾಯಾಧೀಶರ ಹೆಂಡತಿ ಉದ್ದನೆಯ ಕೋಟಿಗೆಂದು ಉಣ್ಣೆಬಟ್ಟೆಯ ಥಾನು ತಂದರು. ನೀಲಿ ಎಂದರೆ ಅಂಥ ನೀಲಿ. ಕೈಯಿಟ್ಟರೆ ಕೈ ತೆಗೆಯಲು ಮನಸ್ಸಾಗುತ್ತಿರಲಿಲ್ಲ. ತೂಕ ಬರೆದರು, ಕತ್ತರಿಸಿದರು, ಆಕೆ ಬೇಕಾದ್ದಕ್ಕಿಂತ ಜಾಸ್ತಿಯೇ ತಂದಿದ್ದರಿಂದ ದೊಡ್ಡ ತುಂಡೊಂದು ಉಳಿಯಿತು. ಅದರ ಅರ್ಧವೇ ಒಂದು ಕುಪ್ಪಸಕ್ಕೆ ಧಾರಾಳವಾಗಿ ಸಾಕು. ನನಗೆ ಆಸೆ ಹತ್ತಿತು. ಸುಳ್ಳೇಕೆ, ಆಸೆಯಲ್ಲ, ದುರಾಸೆ. ಜನ್ಮದಲ್ಲಿ ಒಂದು ಸಲವಾದರೂ ಪರದೆಯಿಂದ ಬೇರೆಯಾಗಿ ಕಾಣಬೇಕು ಎನ್ನಿಸಿತು. ಅರ್ಧ ತುಂಡನ್ನು ಕತ್ತರಿಸಿ, ಗುಂಡಿ ಪೆಟ್ಟಿಗೆಯ ಕೆಳಗೆ ಅಲುಗಾಡುತ್ತಿದ್ದ ನೆಲಹಲಗೆ ಎತ್ತಿ ಒಳಗಿಟ್ಟೆ. ತಕ್ಕಡಿಗೇನು ಮಾಡುವುದು? ಹಳೆಯ ಕಂಬಳಿಯ ಪಟ್ಟಿಯೊಂದನ್ನು ಅಷ್ಟೇ ತೂಕಕ್ಕೆ ಕತ್ತರಿಸಿ, ಕೋಟಿನ ಅಂಚು ಬಿಚ್ಚಿ ಒಳಗೆ ತುಂಬಿ, ಮತ್ತೆ ಹೊಲಿದೆ. ಅಣ್ಣ ಕಲಿಸಿದ ಹಾಗೇ, ಚೂರೂ ಕಾಣದ ಹಾಗೆ. ಎಂಥ ಬುದ್ಧಿವಂತೆ ಎಂದು ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ತಕ್ಕಡಿ ನನ್ನ ಪರವಾಗೇ ಹೇಳಿತು. ಆದರೆ ಅಪ್ಪ ಇಸ್ತ್ರಿಯಾದ ಕೋಟನ್ನು ತೊಡೆಯ ಮೇಲೆ ಹಾಕಿಕೊಂಡು ಅಂಚಿನುದ್ದಕ್ಕೂ ಬೆರಳಾಡಿಸಿದರು. ಒಂದು ಕಡೆ ಬೆರಳು ನಿಂತಿತು. ಅಲ್ಲಿ ಹೊಲಿಗೆ ಬಿಚ್ಚಿದರು. ಕಂಬಳಿಯ ಪಟ್ಟಿ ಹೊರಗೆ ಬಂತು. ಆಮೇಲೆ ಬಿಚ್ಚದೆ ಉಳಿದ ಹೊಲಿಗೆಯನ್ನು ಉಗುರಿನಿಂದ ಸವರಿ, ಅದು ಯಾವ ಕಡೆ ವಾಲಿದೆ ಎಂದು ನೋಡಿದರು.

"ದೊಡ್ಡೋನೇ, ಬಾ ಇಲ್ಲಿ. ಇದು ನಿನ್ನ ಕೈಯೇನೋ?"

ಅಣ್ಣ ಬಂದು ಹೊಲಿಗೆ ನೋಡಿದ. ಆಮೇಲೆ ನನ್ನ ಬಲಗೈಯ ಬೆರಳು ನೋಡಿದ. ಅದರ ಮೇಲೆ ಅವತ್ತಿನ ಚುಚ್ಚುಗಳು ಕೆಂಪಗೆ ಇನ್ನೂ ಹಸಿಯಾಗಿದ್ದವು. ನಾನು ಕೈಯನ್ನು ಲಂಗದಲ್ಲಿ ಮುಚ್ಚಿಕೊಂಡೆ.

"ನನ್ನ ಕೈಯೇ, ಅಪ್ಪ."

"ಬಟ್ಟೆ ಎಲ್ಲಿ?"

"ಮಾರಿಬಿಟ್ಟೆ."

ಬಾಯಿ ತೆರೆ, ಹೇಳು ಎಂದು ನನಗೆ ನಾನೇ ಹೇಳಿಕೊಂಡೆ. ಲಂಗದೊಳಗಿನ ಕೈಯನ್ನು ಇನ್ನೂ ಬಿಗಿಯಾಗಿ ಮುಚ್ಚಿಕೊಂಡೆ. ಅಪ್ಪ ಕೂಗಾಡಲಿಲ್ಲ, ಕೂಗಾಡಿದ್ದರೆ ಚೆನ್ನಾಗಿತ್ತು. "ಹೇಳಿದ ಮಾತು ಮೀರಿದವನ ಕೈಗೆ ಈ ಕತ್ತರಿ ಕೊಡಲಾರೆ. ನಾನು ಕರೆಯೋ ತನಕ ಈ ಹೊಸ್ತಿಲು ತುಳಿಯಬೇಡ" ಎಂದರು. ಅಣ್ಣ ತನ್ನ ಸೂಜಿಗಳನ್ನು ಬಟ್ಟೆಗೆ ಚುಚ್ಚಿ ಮಡಿಚಿ ಜೇಬಿಗೆ ಹಾಕಿಕೊಂಡ. ಹೋಗುವಾಗ ನನ್ನ ತಲೆಯ ಮೇಲೆ ಮೆತ್ತಗೆ ಮೊಟಕಿದ. ನಾಳೆ ಹೇಳುತ್ತೇನೆ ಎಂದುಕೊಂಡೆ. ಆ ನಾಳೆ ಇಪ್ಪತ್ತೊಂಬತ್ತು ವರ್ಷ ಬರಲಿಲ್ಲ.

ಅಪ್ಪ ನ್ಯಾಯಾಧೀಶರ ಮನೆಗೆ ತಾವೇ ಹೋಗಿ, ತಪ್ಪು ಒಪ್ಪಿಕೊಂಡು, ಬೇರೆ ಬಟ್ಟೆ ತರಿಸಿಕೊಟ್ಟರು. ಬೇಸಿಗೆ ಕಳೆಯಿತು. ಅಂಗಡಿಗೆ ಇನ್ಯಾರಿದ್ದಾರೆ? ಗುಂಡಿಗೇ ಕತ್ತರಿ ಬಂತು, ತಲೆಯ ಮೇಲೆ ಕೈ ಬಂತು. ಮುಂದೆ ನಾನು ಮುಟ್ಟಿದ್ದೆಲ್ಲ ಕೈಹಿಡಿಯಿತು. ಒಂದು ಯಂತ್ರ ನಾಲ್ಕಾಯಿತು, ಪಕ್ಕದ ಮಳಿಗೆಯೂ ನಮ್ಮದಾಯಿತು. ಕಳ್ಳಿಗೂ ಆಶೀರ್ವಾದ ತಟ್ಟುತ್ತದೆ ನೋಡಿ. ಆ ಕಥೆಯ ಕಿರಿಯ ಮಗನಿಗೆ ತಟ್ಟಿದ ಹಾಗೆ. ಹಾಕಿಕೊಂಡ ಬಟ್ಟೆ ಉರಿಯುತ್ತಿದ್ದರೂ ಬಿಚ್ಚಲಾಗದವಳ ಸ್ಥಿತಿ ನನ್ನದಾಗಿತ್ತು.

ಅವನ ಮಾತೆತ್ತಬೇಡ ಎಂದು ಅಪ್ಪ ಹೇಳಿದ್ದರು. ನಾನು ಎತ್ತಲಿಲ್ಲ. ಎಂಥ ವಿಧೇಯ ಮಗಳು! ಆ ಅಪ್ಪಣೆಯ ಹಿಂದೆ ಬಚ್ಚಿಟ್ಟುಕೊಳ್ಳಲು ಬಹಳ ಜಾಗವಿತ್ತು. ಅಣ್ಣ ಬಸ್ಸಿನಲ್ಲಿ ಐದು ಗಂಟೆ ದೂರದ ಬಂದರಿನ ಊರಲ್ಲಿ ಟಾರ್ಪಾಲು ಹೊಲಿಯುತ್ತಿದ್ದಾನೆ ಎಂದು ಲಾರಿಯವರಿಂದ ತಿಳಿದಿತ್ತು. ನಾನು ಹೋಗಲಿಲ್ಲ. ಮದುವೆಯೂ ಆಗಲಿಲ್ಲ. ಹಲಗೆಯ ಕೆಳಗಿದ್ದುದನ್ನು ಬಿಟ್ಟು ಬೇರೆ ಮನೆಗೆ ಹೋಗುವುದಾದರೂ ಹೇಗೆ?

ಅಪ್ಪನಿಗೆ ಪೂರ್ತಿ ಕಣ್ಣು ಹೋಯಿತು. ಆದರೂ ದಿನವೂ ಅಂಗಡಿಗೆ ಬಂದು ಮುಗಿದ ಬಟ್ಟೆಗಳ ಅಂಚು ಸವರುತ್ತಿದ್ದರು. ಅಂಚಿನ ಕೆಲಸವನ್ನು ಹೊರಗಿನ ಹೆಂಗಸೊಬ್ಬಳಿಗೆ ಕೊಡುತ್ತೇನೆ ಎಂದು ನಾನು ಅವರಿಗೆ ಸುಳ್ಳು ಹೇಳಿದ್ದೆ. ಹೊಲಿಯುತ್ತಿದ್ದವಳು ನಾನೇ. "ಆ ಹೆಂಗಸಿನ ಕೈ ಥೇಟು ದೊಡ್ಡೋನ ಕೈ ಇದ್ದ ಹಾಗಿದೆ" ಎನ್ನುತ್ತಿದ್ದರು. ಹಾಗೆಂದ ದಿನ ಸರಿಯಾಗಿ ಉಣ್ಣುತ್ತಿರಲಿಲ್ಲ. ಒಂದು ಸಲ ಧೈರ್ಯ ಮಾಡಿ "ಅವನನ್ನು ಕರೆಯೋಣವಾ ಅಪ್ಪ?" ಎಂದೆ. ಬೆರಳು ಅಂಚಿನ ಮೇಲೆ ನಿಂತಿತು. "ತಪ್ಪಾಯ್ತು ಅಂತ ಒಂದು ಮಾತು ಅವನು ಹೇಳಿ ಕಳಿಸಲಿ, ಕರೀತೀನಿ" ಎಂದರು. ಮಾಡದ ತಪ್ಪಿಗೆ ಅವನೇಕೆ ಹೇಳಿ ಕಳಿಸುತ್ತಾನೆ?

ಹೋದ ತಿಂಗಳು ಅಪ್ಪ ಹಾಸಿಗೆ ಹಿಡಿದರು. ಕಿವಿಯೂ ಮಂದವಾಗಿತ್ತು. ಇನ್ನು ಎರಡು ದಿನ ಎಂದು ಡಾಕ್ಟರು ಹೇಳಿದ ಬೆಳಿಗ್ಗೆ, ಇವತ್ತು ಹೇಳಿಯೇ ತೀರಬೇಕು ಎಂದು ಮಂಚದ ಪಕ್ಕ ಕೂತೆ. ಅವರು ನನ್ನ ಕೈ ತೆಗೆದುಕೊಂಡು ಅಭ್ಯಾಸಬಲದಿಂದ ಬೆರಳು ಸವರಿದರು. ಬಲಗೈ ತೋರುಬೆರಳಿನ ತುದಿಯಲ್ಲಿ ಸೂಜಿಯ ಚುಚ್ಚುಗಳು ಗಟ್ಟಿಕಟ್ಟಿದ್ದವು. ಅಪ್ಪನ ಮುಖ ಅರಳಿತು. ಅಷ್ಟು ವರ್ಷಗಳಲ್ಲಿ ಆ ಮುಖ ಹಾಗೆ ಅರಳಿದ್ದನ್ನು ನಾನು ಕಂಡಿರಲಿಲ್ಲ.

"ದೊಡ್ಡೋನೇ, ಬಂದ್ಯಾ?"

ನಾನು ಗುಂಡಿ, ಅಪ್ಪ. ಮೂರೇ ಪದ. ಹೇಳಿದರೆ ಆ ಮುಖ ಏನಾಗುತ್ತದೆ? ಹೇಳದಿದ್ದರೆ ನಾನು ಯಾರು? ಕೈ ಕೊಸರಿಕೊಳ್ಳಲಿಲ್ಲ, ಸುಮ್ಮನೆ ಕೂತೆ. ಅಪ್ಪ ನನ್ನ ಕೈಯನ್ನು ಎದೆಗೆ ಒತ್ತಿಕೊಂಡರು.

"ನಾನೇ ಕರೀಬೇಕಿತ್ತು ಕಣೋ. ಹಟ. ಟ್ರಂಕಿನ ತಳದಲ್ಲಿ ನಿಂದೊಂದಿದೆ, ತಗೋ."

ತಡವರಿಸಿ ನನ್ನ ತಲೆಯ ಮೇಲೆ ಕೈಯಿಟ್ಟರು. "ನೀನು ಕತ್ತರಿಸಿದ್ದು ಯಾರಿಗೂ ಬಿಗಿಯಾಗದಿರಲಿ, ಯಾರಿಗೂ ಕಮ್ಮಿ ಬೀಳದಿರಲಿ. ದೇವರು ನಿನ್ನ ಕೈ ಬಿಡದಿರಲಿ" ಎಂದರು. ಹೀಗೆ ಅಣ್ಣನ ಆಶೀರ್ವಾದವನ್ನು ನಾನು ಎರಡನೆಯ ಸಲವೂ ತೆಗೆದುಕೊಂಡೆ. ಸಂಜೆಯೊಳಗೆ ಅಪ್ಪ ಹೋದರು.

ಟ್ರಂಕಿನ ತಳದಲ್ಲಿ, ಎಣ್ಣೆ ಸವರಿದ ಬೂದು ಬಟ್ಟೆಯಲ್ಲಿ ಸುತ್ತಿದ ಕತ್ತರಿಯೊಂದಿತ್ತು. ಹೊಚ್ಚ ಹೊಸದು. ಹಿಡಿದು ನೋಡಿದೆ, ಬಲಗೈಗೆ ಹೊಂದಲಿಲ್ಲ. ಅಲಗುಗಳು ಅದಲುಬದಲಾಗಿದ್ದವು. ಎಡಗೈಯವನಿಗೆಂದೇ ಕಮ್ಮಾರನಿಂದ ಮಾಡಿಸಿದ್ದು. ಕಮ್ಮಾರನ ಚೀಟಿಯೂ ಜೊತೆಗಿತ್ತು. ತಾರೀಖು ಅಣ್ಣ ಮನೆ ಬಿಟ್ಟ ವರ್ಷದ ಬೇಸಿಗೆಯದು. ನಾನು ನೆಲದ ಮೇಲೆ ಕೂತು ಅತ್ತೆ. ಎದೆ ಬಡಿದುಕೊಂಡು ಅತ್ತೆ.

ಅಪ್ಪನನ್ನು ಮಣ್ಣು ಮಾಡಿದ ಮಾರನೆಯ ದಿನ ಬಸ್ಸು ಹತ್ತಿದೆ. ಟಾರ್ಪಾಲಿನ ಅಂಗಡಿ ಉದ್ದನೆಯ ತಗಡಿನ ಕೊಠಡಿ. ಡಾಂಬರಿನ ವಾಸನೆ. ನೆಲದ ಮೇಲೆ ಹಾಸಿದ ಟಾರ್ಪಾಲಿನ ನಡುವೆ, ತಲೆ ಬೋಳಾದ ಗಂಡಸೊಬ್ಬ ಕೂತು ಮೊಳದುದ್ದದ ಸೂಜಿಯನ್ನು ಎಡಗೈಯಲ್ಲಿ ಎಳೆಯುತ್ತಿದ್ದ. ತಲೆಯೆತ್ತಿ ನೋಡಿದ. ಗುರುತು ಹಿಡಿಯಲು ಸ್ವಲ್ಪ ಹೊತ್ತಾಯಿತು. ಎದ್ದು ನಿಂತು, ಅವನು ಕೇಳಿದ ಮೊದಲ ಮಾತು ಇದು:

"ಅಪ್ಪ ಕರೆದ್ರಾ?"

ಇಪ್ಪತ್ತೊಂಬತ್ತು ವರ್ಷ ಅವನು ಆ ಒಂದು ಮಾತಿಗೆ ಕಾದಿದ್ದ. ಅಪ್ಪನ ಮಾತು ಕೇಳಿದವರು ನಮ್ಮಿಬ್ಬರಲ್ಲಿ ಯಾರು ಎಂದು ಇನ್ನು ನನಗೆ ಯಾವ ಪುಸ್ತಕವೂ ಹೇಳಬೇಕಾಗಿಲ್ಲ.

"ಕರೆದ್ರು ಅಣ್ಣ. ನಿನ್ನನ್ನೇ ಕರೆದ್ರು. ನಿನ್ನ ಜಾಗದಲ್ಲಿ ಕೂತವಳು ನಾನು" ಎಂದೆ. ಎಲ್ಲವನ್ನೂ ಹೇಳಿದೆ. ಅವನು ಕೂತು ಕೇಳಿದ. ಕತ್ತರಿ ಕೊಟ್ಟಾಗ ಬಟ್ಟೆ ಬಿಚ್ಚಿ, ಅಲಗು ನೋಡಿ, "ಓಹೋ, ಮುದುಕ!" ಎಂದು ನಕ್ಕ. ಬೆರಳು ಹಾಕಲು ಹೋದ. ಟಾರ್ಪಾಲು ಎಳೆದೆಳೆದು ಹೆಬ್ಬೆರಳ ಗಂಟು ಊದಿತ್ತು. ಕತ್ತರಿಯ ಹಿಡಿಯ ಬಳೆಯೊಳಗೆ ಹೋಗಲಿಲ್ಲ. "ಹೋಗಲಿ ಬಿಡು, ನಾನೂ ದಪ್ಪ ಆಗಿದ್ದೀನಿ" ಎಂದು ಅದನ್ನು ಮತ್ತೆ ಸುತ್ತಿಟ್ಟ. ನಾನು ಅವನ ಬೋಳುತಲೆಯ ಮೇಲೆ ಕೈಯಿಟ್ಟು ಅಪ್ಪನ ಮಾತುಗಳನ್ನು ಒಂದೂ ಬಿಡದೆ ಒಪ್ಪಿಸಿದೆ. ತಲೆ ತಗ್ಗಿಸಿ ಕೇಳಿಸಿಕೊಂಡ. ಆಗಲೂ ಅವನ ಕಣ್ಣಲ್ಲಿ ನೀರು ಬರಲಿಲ್ಲ.

"ಅದಿರಲಿ, ಆ ನೀಲಿ ಬಟ್ಟೆ ಏನಾಯ್ತು? ಏನು ಹೊಲಿದುಕೊಂಡೆ?"

ನಾನು ಚೀಲದಿಂದ ತೆಗೆದು ಅವನ ಮುಂದಿಟ್ಟೆ. ಬರುವ ದಿನ ಬೆಳಿಗ್ಗೆ ಹಲಗೆ ಎತ್ತಿ ತಂದಿದ್ದೆ. ಮಡಿಕೆ ಮಡಿಕೆಯಲ್ಲೂ ನುಸಿ ತಿಂದು ಜಾಲರಿಯಾಗಿತ್ತು. ಮುಟ್ಟಿದಲ್ಲೆಲ್ಲ ನೀಲಿ ಪುಡಿ ಉದುರುತ್ತಿತ್ತು.

"ಒಂದು ದಿನವೂ ಹಾಕ್ಕೊಳ್ಳಲಿಲ್ವಾ?"

"ಹೇಗೆ ಹಾಕ್ಕೊಳ್ಳಲಿ ಅಣ್ಣ?"

"ನೀನಾದ್ರೂ ಹಾಕ್ಕೊಂಡಿರ್ತೀಯ ಅಂದ್ಕೊಂಡಿದ್ದೆ ಕಣೇ" ಎಂದ. "ಎಲ್ಲೋ ದೂರದೂರಲ್ಲಿ, ಯಾರಿಗೂ ಗೊತ್ತಾಗದ ಕಡೆ. ಚೆನ್ನಾಗಿ ಕಾಣ್ತಿದ್ದೀಯ ಅಂದ್ಕೊಂಡಿದ್ದೆ." ಆ ಚಿಂದಿಯನ್ನು ಮುಖಕ್ಕೆ ಒತ್ತಿಕೊಂಡು, ಕೆಲಸದವರೆಲ್ಲ ನೋಡುತ್ತಿರುವಾಗಲೇ, ನಮ್ಮಣ್ಣ ಗೊಳೋ ಎಂದು ಅತ್ತ.